ನೊಗವಿಳಿದ ಸೋಮವಾರ

ಶಿಕಾರಿಪುರ ಮತ್ತು ಸೊರಬ ಸೀಮೆಯ ಒಕ್ಕಲುಮನೆಗಳಲ್ಲಿ ಸೋಮವಾರದ ದಿನ ಎತ್ತಿನ ಹೆಗಲ ಮೇಲೆ ನೊಗವನ್ನಿಡಲಾಗದೆಂಬ ಕಟ್ಟಳೆಯು ತಲೆತಲಾಂತರದಿಂದ ನಡೆದುಬಂದಿರುವುದನ್ನು ಈ ಕಡೆಯ ಹಳ್ಳಿಗಳನ್ನು ಬಲ್ಲವರೆಲ್ಲರೂ ಅರಿತಿರುವರು. ಅದು ಶಿವನ ವಾರ. ಎತ್ತು ಶಿವನ ವಾಹನವಾದ ಬಸವಣ್ಣ. ಆದಕಾರಣ ನೇಗಿಲಿಗಾಗಲಿ ಕುಂಟೆಗಾಗಲಿ ಅಂದು ಎತ್ತನ್ನು ಹೂಡುವಂತಿಲ್ಲ. ಮುಂಗಾರಿನ ಮಳೆ ಶನಿವಾರ ಬಿದ್ದು, ಭಾನುವಾರ ನೆಲ ಇನ್ನೂ ಕೆಸರಾಗಿದ್ದು, ಸರಿಯಾದ ಹದವೆಂಬುದು ಸೋಮವಾರದ ಬೆಳಗಿಗೇ ಕೂಡಿಬಂದಿತೆನ್ನಿ. ಬೀಜ ಮನೆಯಲ್ಲಿ ಸಿದ್ಧವಾಗಿದ್ದು, ಮಂಗಳವಾರದ ಬಿಸಿಲಿಗೆ ಆ ಹದ ಆರಿಹೋಗಬಹುದೆಂಬುದು ಚೆನ್ನಾಗಿ ತಿಳಿದಿದ್ದೂ, ಹಳೆಯ ತಲೆಯ ರೈತನು "ಇವತ್ತು ಸೋಮಾರ, ಎತ್ತು ಕಟ್ಟಾಂಗಿಲ್ಲ" ಎಂದು ಜಗಲಿಯ ಮೇಲೆ ಕುಳಿತುಬಿಡುವನು. ಅಂದು ಎತ್ತಿನ ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ಗೋದಲಿಯಲ್ಲಿ ಹುಲ್ಲು ಹರವಿ, ಮನೆಮಂದಿಯಲ್ಲಿ ಕೆಲವರಾದರೂ ಒಪ್ಪತ್ತಿನಲ್ಲಿದ್ದು, ಸಂಜೆ ಈಶ್ವರನ ಗುಡಿಗೆ ಹೋಗಿ ಬರುವುದು ವಾಡಿಕೆ.

ಇದನ್ನು ಕೇವಲ ರಜೆಯೆಂದು ಕರೆಯುವುದು ಆ ಕಟ್ಟಳೆಯ ಅಂತಃಸತ್ತ್ವವನ್ನು ಗ್ರಹಿಸದಂತಾದೀತು. ರಜೆಯು ಕೆಲಸವಿಲ್ಲದ ದಿನಕ್ಕೆ ಬರುವಂಥದು, ಇಲ್ಲವೆ ಕೆಲಸ ಮಾಡಿದವನು ಸಂಪಾದಿಸಿಕೊಳ್ಳುವಂಥದು. ಸೋಮವಾರವಾದರೋ ಕೆಲಸ ಅತ್ಯಂತ ಅವಸರವಾಗಿರುವ ವಾರದಲ್ಲಿಯೂ ತಪ್ಪದೆ ಬಂದು, ಹದವನ್ನೂ ಲಾಭವನ್ನೂ ಲೆಕ್ಕಿಸದೆ, ನೊಗವನ್ನು ಕೆಳಗಿಳಿಸುವುದು. ಅದಕ್ಕಿಂತಲೂ ವಿಶೇಷವಾದ ಸಂಗತಿಯೆಂದರೆ, ಇಲ್ಲಿ ವಿಶ್ರಾಂತಿಯು ಮೊದಲು ಸಲ್ಲುವುದು ಯಜಮಾನನಿಗಲ್ಲ, ತನಗೆ ದಣಿವಾಗಿದೆಯೆಂದು ಬಾಯಿಬಿಟ್ಟು ಹೇಳಲಾರದ ಮೂಕಪ್ರಾಣಿಗೆ. ಮನುಷ್ಯನು ಅಂದು ಬೇಲಿ ಕಟ್ಟಬಹುದು, ಬದು ಸರಿಪಡಿಸಬಹುದು. ಅವನ ಕೈಗೆಲಸಕ್ಕೆ ಅಂಥ ನಿಷೇಧವೇನಿಲ್ಲ. ಆದರೆ ಎತ್ತು ನಿಂತಾಗ ಬೇಸಾಯದ ಮುಖ್ಯವಾದ ಕೆಲಸವೆಲ್ಲ ತಾನಾಗಿ ನಿಲ್ಲುತ್ತಿದ್ದುದರಿಂದ, ಎತ್ತಿನ ಬೆನ್ನು ಹಿಡಿದು ಮನುಷ್ಯನಿಗೂ ಬಿಡುವು ದೊರೆಯುತ್ತಿದ್ದಿತು.

ಬಹುದೂರದ ಇನ್ನೊಂದು ಜನಾಂಗದ ಧರ್ಮಗ್ರಂಥದಲ್ಲಿ ಇದೇ ಭಾವವು ಆಜ್ಞೆಯ ರೂಪದಲ್ಲಿ ನಿಂತಿರುವುದು ಮನಸ್ಸನ್ನು ಸೆಳೆಯತಕ್ಕ ವಿಷಯ. ಯೆಹೂದ್ಯರ ಸಬ್ಬತ್ ದಿನವು ಶುಕ್ರವಾರದ ಸೂರ್ಯಾಸ್ತದಲ್ಲಿ ಆರಂಭವಾಗಿ ಶನಿವಾರ ರಾತ್ರಿ ನಕ್ಷತ್ರಗಳು ಮೂಡುವವರೆಗೆ ಇರುವುದು. ಆರು ದಿನ ದುಡಿದು ಏಳನೆಯ ದಿನ ನೀನೂ ನಿನ್ನ ಮಕ್ಕಳೂ ನಿನ್ನ ದಾಸದಾಸಿಯರೂ ನಿನ್ನ ಊರಲ್ಲಿ ಬಂದುಳಿದ ಪರದೇಶಿಯೂ ದುಡಿಯಲಾಗದೆಂದು ವಿಧಿಸುವ ಆ ಶಾಸನವು, ಎತ್ತನ್ನೂ ಕತ್ತೆಯನ್ನೂ ಹೆಸರಿಟ್ಟು ಅದರಲ್ಲಿ ಸೇರಿಸಿದೆ. ಈ ವಿಧಿಗೆ ಅವರ ಗ್ರಂಥವು ಎರಡೆಡೆಯಲ್ಲಿ ಎರಡು ಕಾರಣಗಳನ್ನು ಕೊಡುವುದು: ವಿಮೋಚನಕಾಂಡದಲ್ಲಿ, ದೇವರು ಆರು ದಿನಗಳಲ್ಲಿ ಜಗತ್ತನ್ನು ಸೃಜಿಸಿ ಏಳನೆಯ ದಿನ ವಿಶ್ರಮಿಸಿದನೆಂಬುದು, ಧರ್ಮೋಪದೇಶಕಾಂಡದಲ್ಲಿ, ಹಿಂದೆ ನೀನೂ ಐಗುಪ್ತ ದೇಶದಲ್ಲಿ ದಾಸನಾಗಿದ್ದೆಯೆಂಬುದನ್ನು ಮರೆಯಬೇಡವೆಂಬುದು. ಮೊದಲನೆಯ ಕಾರಣ ಭವ್ಯವಾದುದು. ಎರಡನೆಯದು ನನಗೆ ಹೆಚ್ಚು ಹತ್ತಿರವಾದುದು. ಬಿಡುವಿಲ್ಲದೆ ದುಡಿಸಿಕೊಂಡವನ ನೋವನ್ನು ಬಲ್ಲವನೇ ಇನ್ನೊಬ್ಬನಿಗೆ ಬಿಡುವು ಕೊಡುವ ಮನಸ್ಸನ್ನು ಹೊಂದಬಲ್ಲನೆಂಬ ಅನುಭವ ಅದರಲ್ಲಡಗಿದೆ.

ಹದದ ಪ್ರಶ್ನೆ ಅವರನ್ನೂ ಕಾಡದಿರಲಿಲ್ಲ. ಉಳುವ ಕಾಲದಲ್ಲಿಯೂ ಕೊಯ್ಲಿನ ಕಾಲದಲ್ಲಿಯೂ ಏಳನೆಯ ದಿನ ವಿಶ್ರಮಿಸಲೇಬೇಕೆಂದು ವಿಮೋಚನಕಾಂಡವು ಕಟ್ಟುನಿಟ್ಟಾಗಿ ಹೇಳುವುದು. ಕ್ರೈಸ್ತರಲ್ಲಿ ಈ ಪವಿತ್ರದಿನವು ಕ್ರಿಸ್ತನ ಪುನರುತ್ಥಾನದ ಸ್ಮರಣೆಯಾಗಿ ಭಾನುವಾರಕ್ಕೆ ಸರಿದು, ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನನು ಕ್ರಿ.ಶ. 321ರಲ್ಲಿ ನ್ಯಾಯಾಧೀಶರೂ ಪಟ್ಟಣಿಗರೂ ಕುಶಲಕರ್ಮಿಗಳೂ ಆ ದಿನ ಕೆಲಸ ನಿಲ್ಲಿಸತಕ್ಕದ್ದೆಂದು ಆಜ್ಞೆ ಹೊರಡಿಸಿದಾಗ, ಬಿತ್ತನೆಗೆ ತಕ್ಕ ಸಮಯ ತಪ್ಪಿಹೋದೀತೆಂಬ ಕಾರಣದಿಂದ ಬೇಸಾಯಗಾರರಿಗೆ ಮಾತ್ರ ವಿನಾಯಿತಿ ಕೊಟ್ಟನು. ವ್ಯವಹಾರಜ್ಞಾನದ ದೃಷ್ಟಿಯಿಂದ ಚಕ್ರವರ್ತಿಯದು ಒಪ್ಪತಕ್ಕ ಮಾತೇ. ಆದರೂ ಜಗಲಿಯ ಮೇಲೆ ಕುಳಿತು ಹದ ಆರುವುದನ್ನು ನೋಡುತ್ತಿದ್ದ ನಮ್ಮ ರೈತನು, ಬೈಬಲ್ಲಿನ ಹೆಸರನ್ನೂ ಕೇಳದವನು, ಪ್ರಾಚೀನ ಶಾಸನದ ಪಕ್ಷದಲ್ಲಿಯೇ ನಿಂತನೆಂಬುದನ್ನು ನೆನೆದಾಗ ಗೌರವ ಮೂಡುವುದು. ಲಾಭ ಕಣ್ಣೆದುರಿಗಿರುವಾಗ ಕೈ ಹಿಂದೆಗೆಯಬಲ್ಲವನಿಗಲ್ಲದೆ ಇನ್ನಾರಿಗೆ ತಾನೆ ತನ್ನ ದುಡಿಮೆಯ ಮೇಲೆ ಒಡೆತನವಿದ್ದೀತು?

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಇದು ಶರಣರ ನಾಡು. ಅಲ್ಲಮಪ್ರಭುವಿನ ಬಳ್ಳಿಗಾವೆಯೂ ಅಕ್ಕಮಹಾದೇವಿಯ ಉಡುತಡಿಯೂ ಇದೇ ಶಿಕಾರಿಪುರ ತಾಲ್ಲೂಕಿಗೆ ಸೇರಿದವು. ಕಾಯಕವನ್ನೇ ಪೂಜೆಯೆಂದು ಸಾರಿದ ಪರಂಪರೆಯಲ್ಲಿ ಕಾಯಕವನ್ನು ನಿಲ್ಲಿಸುವುದು ಹೇಗೆ ಪೂಜೆಯಾದೀತು? ಕಾಯಕದ ಮಾತನ್ನು ಈಗ ಬಿಡುವಿಲ್ಲದ ದುಡಿಮೆಯ ಸಮರ್ಥನೆಗಾಗಿ ಎಲ್ಲೆಂದರಲ್ಲಿ ಬಳಸುವುದುಂಟು. ಆದರೆ ಶರಣರ ಕಥೆಗಳನ್ನೇ ಸಾವಧಾನವಾಗಿ ನೋಡಿದವರಿಗೆ ಬೇರೊಂದು ಚಿತ್ರ ಕಾಣದಿರದು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಅವನ ಹೆಂಡತಿ ಲಕ್ಕಮ್ಮನು, ಇಷ್ಟೊಂದು ನಮಗೇತಕ್ಕೆ, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳು. ಕಾಯಕಕ್ಕೆ ಒಂದು ಮೇರೆಯುಂಟು, ಆ ಮೇರೆಯನ್ನು ದಾಟಿದ ದುಡಿಮೆ ಆಸೆಯ ದುಡಿಮೆ ಎಂಬುದು ಆಕೆಯ ತಿಳಿವು. ಸಾಕು ಎನ್ನಬಲ್ಲ ಮನೆಗೆ ಮಾತ್ರ ವಿಶ್ರಾಂತಿ ಸಾಧ್ಯ.

ಅದಕ್ಕಿಂತಲೂ ತೀಕ್ಷ್ಣವಾದುದು ಅಲ್ಲಮಪ್ರಭುವು ಸೊನ್ನಲಿಗೆಗೆ ಹೋದ ಪ್ರಸಂಗ. ಸಿದ್ಧರಾಮನು ಅಲ್ಲಿ ಕೆರೆ ತೋಡಿಸುವ, ಗುಡಿ ಕಟ್ಟಿಸುವ ಪುಣ್ಯಕಾರ್ಯಗಳಲ್ಲಿ ಹಗಲಿರುಳು ಮುಳುಗಿದ್ದನು. ಬಂದ ಪ್ರಭುವು ಆ ಮಹನೀಯನನ್ನು ಕೊಂಡಾಡುವುದಕ್ಕೆ ಬದಲಾಗಿ, ಮಣ್ಣು ಹೊರುವ ಕೆಲಸದವನನ್ನು ಕರೆದಂತೆ ಏಕವಚನದಲ್ಲಿ ಕರೆದು ಕೆಣಕಿದನೆಂದೂ, ಕೆರಳಿದ ಕೆಲಸಗಾರರು ಅವನ ಮೇಲೆ ಕಲ್ಲು ಬೀರಿದರೆಂದೂ ಶೂನ್ಯಸಂಪಾದನೆಯು ವರ್ಣಿಸುವುದು. ಸಿದ್ಧರಾಮನು ಮಾಡುತ್ತಿದ್ದುದು ಕೆಟ್ಟ ಕೆಲಸವಾಗಿರಲಿಲ್ಲ; ಲೋಕಕ್ಕೆ ನೀರು ಕೊಡುವ ಕೆಲಸ. ಹಾಗಿದ್ದೂ, ತಾನು ಮಾಡಿದೆನೆಂಬ ಭಾವದಲ್ಲಿ ಸಿಕ್ಕಿಕೊಂಡವನಿಗೆ ಒಳಗಿನ ಕೆರೆ ಬತ್ತುವುದೆಂದು, ಹಿಂದೆ ಬಳ್ಳಿಗಾವೆಯಲ್ಲಿ ಮದ್ದಳೆಗಾರನಾಗಿದ್ದ ಆ ಪ್ರಭುವಿಗೆ ಕಂಡಿತು. ಸತ್ಕಾರ್ಯಗಳ ಗಡಿಬಿಡಿಯಲ್ಲಿ ಉಸಿರಾಡುವುದಕ್ಕೂ ಹೊತ್ತಿಲ್ಲದಿರುವ ನಮ್ಮ ಕಾಲದ ಸಜ್ಜನರು, ಮಠಗಳ ಸಂಘಗಳ ಸಮಿತಿಗಳ ಪದಾಧಿಕಾರಿಗಳು, ಈ ಪ್ರಸಂಗವನ್ನು ವರ್ಷಕ್ಕೊಮ್ಮೆಯಾದರೂ ಓದಿಕೊಳ್ಳುವುದು ಲೇಸು.

ಬಳ್ಳಿಗಾವೆಯ ಕೇದಾರೇಶ್ವರಕ್ಕೆ ಸೇರಿದ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವೂ ಇಲ್ಲಿ ನೆನಪಿಗೆ ಬರುವುದು. ವೇದಶಾಸ್ತ್ರಗಳ ಅಧ್ಯಯನ ನಡೆಯುತ್ತಿದ್ದ ಆ ಸ್ಥಳವು ದೀನರಿಗೆ, ಅನಾಥರಿಗೆ, ಕುರುಡರಿಗೆ, ಕುಂಟರಿಗೆ ಅನ್ನವನ್ನಿಕ್ಕುವ, ರೋಗಿಗಳಿಗೆ ಔಷಧೋಪಚಾರ ಮಾಡುವ ತಾಣವೂ ಆಗಿದ್ದಿತೆಂದು ಶಾಸನ ಹೇಳುವುದು. ದಣಿದವರಿಗೆ ದೊರೆಯುವ ಇಂಥ ಆಸರೆಯೂ ವಿಶ್ರಾಂತಿಯೇ. ಅದು ತಾನು ಪಡೆಯುವ ವಸ್ತುವಾಗುವುದಕ್ಕೆ ಮುಂಚೆ ಇನ್ನೊಬ್ಬನಿಗೆ ಕೊಡತಕ್ಕ ವಸ್ತುವಾಗಿ ಈ ನೆಲದಲ್ಲಿ ಪರಿಗಣಿತವಾಗಿದ್ದಿತೆಂಬುದಕ್ಕೆ ಅದಕ್ಕಿಂತ ಹಳೆಯ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ.

ಇಷ್ಟೆಲ್ಲವನ್ನೂ ಹೇಳಿದ ಮೇಲೆ, ಗತಕಾಲವನ್ನು ಹೊಗಳಿ ಕೈಮುಗಿದು ಸುಮ್ಮನಾಗುವುದು ನ್ಯಾಯವಲ್ಲ. ಎತ್ತಿಗೆ ಸೋಮವಾರವಿದ್ದ ಕಾಲದಲ್ಲಿಯೇ ಜೀತದ ಆಳಿಗೆ ಯಾವ ವಾರವಿದ್ದಿತು? ನೊಗ ಕೆಳಗಿಳಿದರೂ ಅವನ ಕೈಗೆ ಕೊಡಲಿಯೋ ಗುದ್ದಲಿಯೋ ಬರುತ್ತಿದ್ದಿತು. ಸೊರಬದ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ರೈತರು ಸತ್ಯಾಗ್ರಹಕ್ಕೆ ನಿಂತರು; 1974ರ ಭೂಸುಧಾರಣೆಯ ತಿದ್ದುಪಡಿ ಕಾಯಿದೆಯು ಉಳುವವನಿಗೆ ನೆಲದ ಹಕ್ಕನ್ನು ತಂದಿತು; ಜೀತಪದ್ಧತಿಯ ನಿಷೇಧದ ಕಾಯಿದೆ 1976ರಲ್ಲಿ ಬಂದಿತು. ತನ್ನ ಹೊಲವೂ ತನ್ನ ಮೈಯೂ ತನ್ನದಲ್ಲದವನು ತನ್ನ ಸೋಮವಾರವನ್ನು ಆಚರಿಸಲಾರನಷ್ಟೆ. ಆದುದರಿಂದ ಈ ಹೋರಾಟಗಳನ್ನೂ ಶಾಸನಗಳನ್ನೂ ನಾನು ವಿಶ್ರಾಂತಿಯ ಚರಿತ್ರೆಯ ಅಧ್ಯಾಯಗಳೆಂದೇ ಎಣಿಸುವೆನು.

ಪಟ್ಟಣದ ಕಾರ್ಮಿಕನ ಕಥೆಯೂ ಅದೇ. ಮುಂಬಯಿಯ ಗಿರಣಿಗಳಲ್ಲಿ ವಾರವೆಲ್ಲ ಬೆಳಗಿನಿಂದ ಕತ್ತಲೆಯವರೆಗೆ ದುಡಿಯುತ್ತಿದ್ದ ಜನರ ಪರವಾಗಿ ಮಹಾತ್ಮಾ ಫುಲೆಯವರ ಅನುಯಾಯಿಯಾದ ನಾರಾಯಣ ಮೇಘಾಜಿ ಲೋಖಂಡೆಯವರು ಹೋರಾಡಿದುದರಿಂದ 1890ರಲ್ಲಿ ಗಿರಣಿ ಮಾಲೀಕರು ಭಾನುವಾರದ ಬಿಡುವಿಗೆ ಒಪ್ಪಿದರು. 1948ರ ಕಾರ್ಖಾನೆಗಳ ಕಾಯಿದೆಯು ವಾರಕ್ಕೆ 48 ಗಂಟೆಗಳ ಮೇರೆಯನ್ನೂ ಒಂದು ದಿನದ ರಜೆಯನ್ನೂ ನಿಗದಿಗೊಳಿಸಿತು. ಇವೆಲ್ಲ ದೊಡ್ಡ ಉಪಕಾರಗಳು. ಆದರೆ ಕಾಯಿದೆಯು ಕೆಲಸವನ್ನು ನಿಲ್ಲಿಸಬಲ್ಲುದಲ್ಲದೆ ಮನಸ್ಸಿನ ಓಟವನ್ನು ನಿಲ್ಲಿಸಲಾರದು. ಖಾಲಿಯಾದ ದಿನವನ್ನು ಅದು ನಮ್ಮ ಕೈಗೆ ಕೊಟ್ಟು ಹೊರಟುಹೋಗುವುದು, ಅದನ್ನು ತುಂಬುವ ಹೊಣೆ ನಮ್ಮದು.

ಅಡಿಗೆಯ ಮನೆಯ ಮಾತನ್ನು ಇನ್ನೂ ಆಡಲಿಲ್ಲ. ಸಬ್ಬತ್ತಿನ ಆಜ್ಞೆಯಲ್ಲಿ ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ ಎಲ್ಲರೂ ಬರುವರು. ಹೆಂಡತಿಯ ಹೆಸರು ಮಾತ್ರ ಬೇರೆಯಾಗಿ ಬಂದಿಲ್ಲ. ಅವಳು 'ನೀನು' ಎಂಬುದರಲ್ಲಿಯೇ ಅಡಕವಾಗಿದ್ದಾಳೆಂಬ ವ್ಯಾಖ್ಯಾನವುಂಟು. ಆದರೂ ಯೆಹೂದ್ಯರ ಆಚಾರವು ಈ ಕೊರತೆಗೆ ಒಂದು ಉಪಾಯವನ್ನು ಕಂಡುಕೊಂಡಿತು: ಬೆಂಕಿ ಹೊತ್ತಿಸುವುದೂ ಅಡಿಗೆ ಮಾಡುವುದೂ ನಿಷಿದ್ಧವಾದ ಮೂವತ್ತೊಂಬತ್ತು ಬಗೆಯ ಕೆಲಸಗಳಲ್ಲಿ ಸೇರಿರುವುದರಿಂದ, ಶುಕ್ರವಾರ ಸಂಜೆ ಸೂರ್ಯ ಮುಳುಗುವುದರೊಳಗಾಗಿ ಅಡಿಗೆಯೆಲ್ಲ ಮುಗಿದಿರಬೇಕು, ಮನೆಯೊಡತಿ ದೀಪಗಳನ್ನು ಹೊತ್ತಿಸಿದ ಮೇಲೆ ಒಲೆಯ ಕೆಲಸ ಅವಳಿಗೂ ಇಲ್ಲ. ನಮ್ಮ ಹಬ್ಬಹರಿದಿನಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ವಿರುದ್ಧ. ಸೋಮವಾರದ ಒಪ್ಪತ್ತಿನಲ್ಲಿ ಫಲಾಹಾರದ ಏರ್ಪಾಡು ಹೆಂಗಸಿನದೇ. ಭಾನುವಾರದ ವಿಶೇಷ ಭೋಜನದ ಹೊರೆಯೂ ಅವಳದೇ. ಭೂಮಿಹುಣ್ಣಿಮೆಯ ಹಿಂದಿನ ರಾತ್ರಿಯಂತೂ ಮಲೆನಾಡಿನ ಈ ಭಾಗದ ಎಷ್ಟೋ ಮನೆಗಳಲ್ಲಿ ಹೆಂಗಸರು ಕಣ್ಣು ಮುಚ್ಚುವುದೇ ಇಲ್ಲ.

ಭೂಮಿಹುಣ್ಣಿಮೆಯನ್ನು ಹೆಸರಿಸಿದ ಮೇಲೆ ಅದರ ಸೊಬಗನ್ನು ಹೇಳದೆ ಮುಂದೆ ಸಾಗಲು ಮನಸ್ಸೊಪ್ಪದು. ಆಶ್ವಯುಜದ ಹುಣ್ಣಿಮೆಯ ವೇಳೆಗೆ ಗದ್ದೆಯಲ್ಲಿ ಭತ್ತ ಹೊಡೆತುಂಬಿ ನಿಂತಿರುವಾಗ, ಭೂತಾಯಿ ಬಸುರಿಯೆಂದು ಭಾವಿಸಿ, ಅವಳ ಬಯಕೆಯನ್ನು ತೀರಿಸುವ ಹಬ್ಬವಿದು. ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ದಿನಗಟ್ಟಲೆ ಮುಂಚಿತವಾಗಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪಿನಿಂದ ಸಣ್ಣ ಸಣ್ಣ ಗೆರೆಗಳ ಚಿತ್ತಾರವನ್ನು ಬರೆಯುವರು. ಅದೇ ಭೂಮಣ್ಣಿ ಬುಟ್ಟಿ. ಹಲವು ಬಗೆಯ ಸೊಪ್ಪು ತರಕಾರಿಗಳನ್ನು ಬೇಯಿಸಿದ ಹಚ್ಚಂಬಲಿಯನ್ನೂ ಕಡುಬುಗಳನ್ನೂ ಅದರಲ್ಲಿಟ್ಟು, ನಸುಕಿನಲ್ಲಿ ಗಂಡಸರು ಗದ್ದೆಗೆ ಹೊತ್ತೊಯ್ದು, ಪೈರಿನ ಮೇಲೆ ಬೀರುತ್ತ ಭೂತಾಯಿಯನ್ನು ಕೂಗಿ ಕರೆಯುವರು. ಬಳಿಕ ಗದ್ದೆಯ ಬದುವಿನಲ್ಲಿ ಪೂಜೆಯಾಗಿ, ಕಾಗೆಗೂ ಇಲಿಗೂ ಎಡೆಯಿಟ್ಟು, ಮನೆಯವರೆಲ್ಲರೂ ಅಲ್ಲಿಯೇ ಕುಳಿತು ಉಣ್ಣುವರು. ಅಂದು ಹೊಲಕ್ಕೆ ಹೋಗುವುದು ಅದರಿಂದ ಏನನ್ನಾದರೂ ತರುವುದಕ್ಕಲ್ಲ, ಅದಕ್ಕೆ ಕೊಡುವುದಕ್ಕೆ. ಬೆಳೆಯನ್ನು ತಿನ್ನುವ ಇಲಿಗೂ ಆ ದಿನ ಪಾಲುಂಟೆಂಬುದನ್ನು ನೋಡಿದಾಗ, ಭೂಮಿಯೊಡನೆ ನಮ್ಮ ಹಗೆತನಗಳೆಲ್ಲ ಒಂದು ಹಗಲಿನ ಮಟ್ಟಿಗೆ ನಿಂತಂತೆ ತೋರುವುದು.

ಭೂಮಿಗೂ ವಿಶ್ರಾಂತಿ ಬೇಕೆಂಬುದು ಹೀಬ್ರೂ ಶಾಸ್ತ್ರದಲ್ಲಿ ಏಳನೆಯ ವರ್ಷದ ಬೀಳಿನ ರೂಪದಲ್ಲಿ ಬಂದಿದೆ. ಆ ವರ್ಷ ಬಿತ್ತದೆ, ತಾನಾಗಿ ಬೆಳೆದುದನ್ನು ಬಡವರಿಗೂ ಕಾಡುಮೃಗಗಳಿಗೂ ಬಿಟ್ಟುಬಿಡತಕ್ಕದ್ದು. ಸೊರಬದ ಜನ ಅದೇ ಭಾವವನ್ನು ಕಾಲದಲ್ಲಿ ಇರಿಸದೆ ದೇಶದಲ್ಲಿ ಇರಿಸಿದರೆನ್ನಬಹುದು. ಊರೂರಿನ ಬಳಿ ಕೊಡಲಿ ತಾಗಿಸಬಾರದ ದೇವರ ಕಾನುಗಳನ್ನು ಅವರು ಕಾಪಾಡಿಕೊಂಡು ಬಂದರು. ಅವುಗಳ ನೆರಳಿನಲ್ಲಿ ನೀರಿನ ಸೆಲೆ ಬತ್ತದೆ ಉಳಿದು ಕೆಳಗಿನ ಗದ್ದೆಗಳಿಗೂ ತೋಟಗಳಿಗೂ ಹರಿಯುವುದು. ಈ ಕಾನುಗಳ ಮಹತ್ತ್ವವನ್ನು ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಷ್ಟು ಹಿಂದೆಯೇ ವರದಿ ಮಾಡಿದ್ದರು. ಮುಂದೆ ಸಾಗುವಳಿಗಾಗಿಯೂ ಏಕಜಾತಿಯ ನೆಡುತೋಪುಗಳಿಗಾಗಿಯೂ ಅವುಗಳಲ್ಲಿ ಬಹುಪಾಲು ಕರಗಿದುವು. ಯಾರೂ ಕೈಯಿಡದೆ ಬಿಟ್ಟ ಒಂದು ಎಡೆ ಇರಬೇಕೆಂಬ ನಿಯಮವೂ, ಏನನ್ನೂ ಮಾಡದೆ ಬಿಟ್ಟ ಒಂದು ದಿನ ಇರಬೇಕೆಂಬ ನಿಯಮವೂ ಒಟ್ಟಿಗೆ ಸಡಿಲವಾದುದು ಆಕಸ್ಮಿಕವಲ್ಲವೆಂದು ನಾನು ತಿಳಿದಿರುವೆನು.

ಏಕೆಂದರೆ ಸೋಮವಾರದ ಕಾವಲುಗಾರನಾಗಿದ್ದ ಎತ್ತು ಈಗ ಅನೇಕ ಕೊಟ್ಟಿಗೆಗಳಲ್ಲಿ ಇಲ್ಲ. ದೀಪಾವಳಿಯ ಹೋರಿಹಬ್ಬಕ್ಕಾಗಿ ಕೊಬ್ಬರಿಯ ಹಾರ ತೊಡಿಸಿ ಓಡಿಸುವ ಹೋರಿಯನ್ನು ಸಾಕುವವರು ಶಿಕಾರಿಪುರದ ಕಡೆ ಇನ್ನೂ ಬಹುಮಂದಿ ಇರುವರಾದರೂ, ಉಳುವುದು ಟ್ರ್ಯಾಕ್ಟರು, ಕೆಸರು ಗದ್ದೆಗೆ ಇಳಿಯುವುದು ಟಿಲ್ಲರು. ಯಂತ್ರಕ್ಕೆ ದಣಿವಿಲ್ಲ, ಅದು ಯಾವ ದೇವರ ವಾಹನವೂ ಅಲ್ಲ. ಬಾಡಿಗೆಗೆ ಬಂದ ಟ್ರ್ಯಾಕ್ಟರು ಸೋಮವಾರವೇ ಸಿಕ್ಕಿದರೆ ಸೋಮವಾರವೇ ಉಳಬೇಕಾಗುವುದು. ಮೆಕ್ಕೆಜೋಳ, ಶುಂಠಿ, ಅಡಿಕೆಗಳ ಬೇಸಾಯದಲ್ಲಿ ಸಾಲದ ಕಂತೂ ಪೇಟೆಯ ಧಾರಣೆಯೂ ಕೂಡಿಕೊಂಡು, ಅಡಿಕೆಯ ಸುಗ್ಗಿಯಲ್ಲಿ ಸುಲಿಯುವ ಕತ್ತಿ, ಬೇಯಿಸುವ ಹಂಡೆ ನಡುರಾತ್ರಿಯವರೆಗೂ ಬಿಡುವು ಕಾಣವು. ಇದರ ಮೇಲೆ ಕಿಸೆಯಲ್ಲಿರುವ ಮೊಬೈಲು: ಮೊದಲು ಕಚೇರಿಯೂ ಪೇಟೆಯೂ ಸಂಜೆಗೆ ಬಾಗಿಲು ಹಾಕುತ್ತಿದ್ದುವು; ಈಗ ಅವೆರಡೂ ಹಾಸಿಗೆಯ ಪಕ್ಕದಲ್ಲಿಯೇ ಮಲಗುವುವು. ದೇವದರ್ಶನವೂ ಈ ಅವಸರಕ್ಕೆ ಒಳಗಾಗಿದೆ. ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ, ಕದರಮಂಡಲಗಿಯ ಕಾಂತೇಶ, ಈ ಮೂವರು ಆಂಜನೇಯರನ್ನು ಒಂದೇ ದಿನದಲ್ಲಿ ಕಂಡರೆ ಪುಣ್ಯವೆಂಬ ನಂಬಿಕೆ ಹಿಂದಿನಿಂದಲೂ ಇದೆ. ಅಂದು ಅದಕ್ಕಾಗಿ ಒಂದು ಇಡೀ ದಿನವನ್ನು ಬಿಡಿಸಿಡಬೇಕಾಗಿದ್ದಿತು, ಇಂದು ಕಾರಿನಲ್ಲಿ ಮೂರು ಗುಡಿಗಳನ್ನು ಮುಗಿಸಿ ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಬಾಗಿಲು ತೆರೆಯುವುದು ಸಾಧ್ಯವಾಗಿದೆ.

ಹಾಗಾದರೆ ಈ ದಿನವನ್ನು ಉಳಿಸಿಕೊಳ್ಳುವ ಬಗೆ ಯಾವುದು? ಯಂತ್ರವನ್ನು ಬಿಟ್ಟು ಎತ್ತಿಗೆ ಮರಳಿರೆಂದು ಯಾರಿಗೂ ಹೇಳಲಾಗದು. ಎತ್ತು ನೆನಪಿಸುತ್ತಿದ್ದುದನ್ನು ಇನ್ನು ಮನುಷ್ಯನೇ ನೆನಪಿಡಬೇಕಾಗಿದೆ. ಸೋಮವಾರವನ್ನು ಶಾಲೆಯ ಉಪಾಧ್ಯಾಯರೂ ಬ್ಯಾಂಕಿನ ನೌಕರರೂ ಹಿಡಿಯಲಾರರಾದರೆ ಭಾನುವಾರವಿರಲಿ. ಮುಸಲ್ಮಾನರಿಗೆ ಶುಕ್ರವಾರದ ಜುಮ್ಮಾ ಇರುವಂತೆ, ಜೈನರಿಗೆ ಅಷ್ಟಮಿ ಚತುರ್ದಶಿಗಳ ಪರ್ವವಿರುವಂತೆ, ಅವರವರ ದಿನ ಅವರವರಿಗಿರಲಿ. ದಿನ ಯಾವುದೆಂಬುದಕ್ಕಿಂತ ಅದು ಅಲುಗಾಡದಿರುವುದು ಮುಖ್ಯ. ಬಿಡುವಾದಾಗ ವಿಶ್ರಮಿಸುವೆನೆನ್ನುವವನಿಗೆ ಬಿಡುವಾಗುವುದೇ ಇಲ್ಲ. ಸಬ್ಬತ್ತಿನಿಂದ ಕಲಿಯತಕ್ಕ ಅತಿ ಉಪಯುಕ್ತವಾದ ಪಾಠವೆಂದರೆ ಹಿಂದಿನ ಸಂಜೆಯಿಂದಲೇ ಅದನ್ನು ಆರಂಭಿಸುವುದು: ಲೆಕ್ಕಗಳನ್ನು ಮುಗಿಸಿ, ನಾಳೆ ಬೇಕಾದುದನ್ನು ಇಂದೇ ತಂದಿಟ್ಟು, ದೇವರ ಮುಂದೆ ದೀಪ ಹಚ್ಚಿದೊಡನೆ ಮೊಬೈಲನ್ನು ಪೆಟ್ಟಿಗೆಯಲ್ಲಿರಿಸಿ, ಮರುದಿನ ಸಂಜೆ ಮತ್ತೆ ದೀಪ ಹಚ್ಚುವವರೆಗೆ ಅದನ್ನು ಮುಟ್ಟದಿರುವುದು. ನಡುವಣ ಹೊತ್ತು ಪೂಜೆಗೆ, ವಚನದ ಓದಿಗೆ, ಮುದುಕರೊಡನೆ ಮಾತಿಗೆ, ದಂಡಾವತಿಯ ಅಥವಾ ಕುಮುದ್ವತಿಯ ದಡದವರೆಗೆ ಕಾರಣವಿಲ್ಲದೆ ನಡೆದು ಬರುವುದಕ್ಕೆ, ಒಂದು ಗಳಿಗೆ ಸುಮ್ಮನೆ ಕುಳಿತಿರುವುದಕ್ಕೆ ಸಲ್ಲಲಿ. ಮೊದಮೊದಲು ಈ ಸುಮ್ಮನಿರುವಿಕೆ ಚಡಪಡಿಕೆಯಂತೆಯೇ ತೋರೀತು. ನಾಲ್ಕಾರು ವಾರಗಳಲ್ಲಿ ಅದು ತಾನಾಗಿ ಇಳಿಯುವುದು.

ಅಡಿಗೆ ಅಂದು ಸರಳವಾಗಿರಲಿ, ಹಿಂದಿನ ದಿನದ್ದೇ ಆಗಲಿ, ಇಲ್ಲವೆ ಗಂಡಸರು ಒಲೆಯ ಮುಂದೆ ನಿಲ್ಲಲಿ. ಮನೆಗೆಲಸಕ್ಕೆ ಬರುವವಳಿಗೆ, ತೋಟದ ಕೂಲಿಯವನಿಗೆ, ಅಂಗಡಿಯ ಹುಡುಗನಿಗೆ ಅದೇ ದಿನವನ್ನು, ಸಂಬಳ ಕಡಿಯದೆ, ಮೊದಲು ಕೊಟ್ಟ ಮೇಲೆ ಯಜಮಾನನು ತನ್ನ ಪಾಲನ್ನು ತೆಗೆದುಕೊಳ್ಳಲಿ. ಎತ್ತಿನ ಸ್ಥಾನದಲ್ಲಿ ಈಗ ಇರುವವರು ಅವರು. ತಾನು ಧ್ಯಾನಕ್ಕೆ ಕುಳಿತಿರುವಾಗ ಇನ್ನೊಬ್ಬನು ತನಗಾಗಿ ಓಡಾಡುತ್ತಿದ್ದರೆ ಆ ಧ್ಯಾನವು ದೇವರಿಗೆ ಸಂದೀತೆಂದು ನಾನು ನಂಬಲಾರೆನು.

ಅಪವಾದಗಳಿಗೆ ಹೆದರಬೇಕಾಗಿಲ್ಲ. ಪ್ರಾಣರಕ್ಷಣೆಗಾಗಿ ಸಬ್ಬತ್ತಿನ ನಿಯಮವನ್ನು ಬದಿಗಿಡಬೇಕೆಂಬುದು ಯೆಹೂದ್ಯ ಗುರುಗಳ ನಿರ್ಣಯ. ಸಬ್ಬತ್ ದಿನ ಬಾವಿಗೆ ಬಿದ್ದ ಎತ್ತನ್ನು ನಿಮ್ಮಲ್ಲಿ ಯಾರು ತಾನೆ ಮೇಲೆತ್ತದಿರುವನೆಂದು ಯೇಸು ತನ್ನ ಆಕ್ಷೇಪಕರನ್ನು ಕೇಳಿದ್ದುಂಟು. ಹಸು ಈಯುತ್ತಿದ್ದರೆ ಕೊಟ್ಟಿಗೆಗೆ ಹೋಗಲೇಬೇಕು, ಮಗುವಿಗೆ ಜ್ವರ ಬಂದರೆ ಪೆಟ್ಟಿಗೆಯ ಮೊಬೈಲನ್ನು ತೆಗೆಯಲೇಬೇಕು, ಅಂಗಳದಲ್ಲಿ ಹರವಿದ ಅಡಿಕೆಯ ಮೇಲೆ ಮೋಡ ಕವಿದರೆ ಮನೆಮಂದಿಯೆಲ್ಲ ಎದ್ದು ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು. ಆದರೆ ಅಡಿಕೆಯ ಫಸಲನ್ನು ಗುತ್ತಿಗೆ ಹಿಡಿಯುವ ಚೇಣಿದಾರನು ಧಾರಣೆಯ ಮಾತಿಗಾಗಿ ಕರೆ ಮಾಡಿದ್ದರೆ ಅವನಿಗೆ ಮಂಗಳವಾರ ಬೆಳಿಗ್ಗೆ ಉತ್ತರ ಕೊಟ್ಟರಾಯಿತು.